ಹಳೇ ಡೀಸೆಲ್ ಗಾಡಿನ ಎಣ್ಣೆ ಮೇಲೆ ಓಡಿಸ್ತಿರೋ ಅನುಭವ: ಗಾಡಿ ಕೆಲಸ ಕಮ್ಮಿ, ಎಣ್ಣೆ ಕೆಲಸನೇ ಜಾಸ್ತಿ

ಅಡುಗೆ ಎಣ್ಣೆ ಹಾಕಿದ್ರೆ ಡೀಸೆಲ್ ಗಾಡಿ ಓಡತ್ತಾ ಅಂತ ಕೇಳೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ಓಡತ್ತೆ, ಅದರಲ್ಲೇನೂ ಪವಾಡ ಇಲ್ಲ. 1900ರಲ್ಲಿ ಪ್ಯಾರಿಸ್‌ನ ವಸ್ತುಪ್ರದರ್ಶನದಲ್ಲೇ ಒಂದು ಸಣ್ಣ ಡೀಸೆಲ್ ಇಂಜಿನ್ನನ್ನ ಕಡಲೆಕಾಯಿ ಎಣ್ಣೆ ಮೇಲೆ ಓಡಿಸಿದ್ರು, ಅದು ಎಷ್ಟು ಸಲೀಸಾಗಿ ಓಡ್ತು ಅಂದ್ರೆ ಒಳಗಿರೋದು ಬೇರೆ ಇಂಧನ ಅಂತ ಅಲ್ಲಿದ್ದೋರಲ್ಲಿ ಬಹಳ ಕಮ್ಮಿ ಜನಕ್ಕೆ ಗೊತ್ತಾಯ್ತು ಅಂತ ರುಡಾಲ್ಫ್ ಡೀಸೆಲ್ ಆಮೇಲೆ ಬರೆದಿದಾರೆ. ಓಡೋದೇನೋ ಓಡತ್ತೆ, ಎಷ್ಟು ದಿನ ಓಡತ್ತೆ ಅನ್ನೋದ್ರಲ್ಲೇ ಎಲ್ಲಾ ಇರೋದು. ಒಂದು ಡಬ್ಬ ಎಣ್ಣೆ ಸುರಿದು ವಿಡಿಯೋ ಮಾಡೋರು ಬೇಕಾದಷ್ಟು ಜನ ಇದಾರೆ, ಅದೇ ಗಾಡಿ ಮುಂದಿನ ವರ್ಷ ಏನಾಯ್ತು ಅಂತ ತೋರ್ಸೋರು ಮಾತ್ರ ಸಿಗಲ್ಲ.

ನಾನು ಕೆಲವು ವರ್ಷದಿಂದ ಓಡಿಸ್ತಾ ಇದೀನಿ, ಶುರು ಮಾಡೋವಾಗ ಗಾಡಿಗೆ ಟ್ಯಾಂಕು, ಹೀಟರ್ರು, ವಾಲ್ವು ಕೂರ್ಸೋದೇ ದೊಡ್ಡ ಕೆಲಸ, ಅದು ಮುಗಿದ್ರೆ ಆಯ್ತು ಅನ್ನೋ ಲೆಕ್ಕದಲ್ಲೇ ಎಲ್ಲರೂ ಮಾತಾಡ್ತಿದ್ರು. ಅದು ಮುಗಿದ್ಮೇಲೆ ಅದರ ಕಡೆ ತಿರುಗಿ ನೋಡಿದ್ದೇ ಕಮ್ಮಿ. ರಜಾ ದಿನ ಎಲ್ಲಾ ಹೋಗೋದು ಎಣ್ಣೆ ಸೋಸೋದ್ರಲ್ಲಿ, ಅದರಲ್ಲಿರೋ ನೀರು ತೆಗೆಯೋದ್ರಲ್ಲಿ.

ನನ್ನತ್ರ ಇರೋದು ಹಳೇ ಕಾಲದ ಡೀಸೆಲ್ ಕಾರು, ಕಂಪ್ಯೂಟರ್ ಇಲ್ಲ, ಸೆನ್ಸರ್ ಗೋಳಿಲ್ಲ, ಡೀಸೆಲ್ಲನ್ನ ನೇರವಾಗಿ ಪಿಸ್ಟನ್ ಮೇಲೆ ಹೊಡೆಯೋ ಬದ್ಲು ಹೆಡ್ಡಲ್ಲಿರೋ ಒಂದು ಪುಟ್ಟ ಚೇಂಬರ್ ಒಳಗೆ ಹೊಡೆಯೋ ಇಂಜಿನ್ನು, ಐಡಿಐ (ಇನ್‌ಡೈರೆಕ್ಟ್ ಇಂಜೆಕ್ಷನ್) ಅಂತಾರಲ್ಲ ಅದು. ಆ ಚೇಂಬರ್ ಸದಾ ಕಾದಿರತ್ತೆ, ಗಾಳಿ ಅದರೊಳಗೆ ಜೋರಾಗಿ ಸುತ್ತತ್ತೆ, ಹಾಗಾಗಿ ಇಂಧನ ಸ್ವಲ್ಪ ದಪ್ಪ ಹನಿಯಾಗಿ ಬಿದ್ರೂ ಉರಿದುಹೋಗತ್ತೆ. ಇಂಧನ ಸಿಂಪಡಿಸೋ ನಾಜಲ್ಲೂ ಒಂದೇ ತೂತಿಂದು, ನಡುವೆ ಸೂಜಿ ಆಡ್ತಾ ಇರೋದ್ರಿಂದ ತಾನೇ ಕ್ಲೀನ್ ಮಾಡ್ಕೊಳತ್ತೆ. ಡೈರೆಕ್ಟ್ ಇಂಜೆಕ್ಷನ್ ನಾಜಲ್ಲಿಗೆ ಕೂದಲೆಳೆಯಂಥ ನಾಲ್ಕೈದು ತೂತು, ಅಲ್ಲಿ ಕಾರ್ಬನ್ ಕಟ್ಟಿದ್ರೆ ಮುಗೀತು. ಈ ವಿಷಯದಲ್ಲಿ ಮರ್ಸಿಡಿಸ್‌ನ ಐದು ಸಿಲಿಂಡರ್ ಓಎಂ 617 ಇಂಜಿನ್ ಹೆಸರು ಯಾವಾಗ್ಲೂ ಬರೋದಕ್ಕೆ ಕಾರಣ ಇದೇ, ಚೇಂಬರ್ರೂ ಇದೆ, ನಾಜಲ್ಲಿಗೆ ಇಂಧನ ಒತ್ತಿ ಕಳ್ಸೋ ಬಾಷ್ ಇನ್‌ಲೈನ್ ಪಂಪೂ ಇದೆ.

ಪಂಪಿನ ಮಾತು ಬಂತಲ್ಲ, ನನ್ನ ಪ್ರಕಾರ ಇಂಜಿನ್‌ಗಿಂತ ಅದನ್ನೇ ಮೊದ್ಲು ನೋಡ್ಬೇಕು. ಇನ್‌ಲೈನ್ ಪಂಪಲ್ಲಿ ಸಿಲಿಂಡರಿಗೊಂದರಂತೆ ಇಂಧನ ಒತ್ತೋ ಪ್ಲಂಜರ್ ಇರತ್ತೆ, ಕೆಳಗಿನ ಕ್ಯಾಮಿಗೆ ಇಂಜಿನ್ ಆಯಿಲ್ಲೇ ಹೋಗತ್ತೆ, ಗಟ್ಟಿಮುಟ್ಟು. ರೋಟರಿ ಪಂಪಲ್ಲಿ ಹಾಗಲ್ಲ, ಒಳಗಿನ ಭಾಗಕ್ಕೆಲ್ಲಾ ಇಂಧನಾನೇ ಲೂಬ್ರಿಕೇಷನ್ನು, ತಣ್ಣಗಿರೋ ದಪ್ಪ ಎಣ್ಣೆ ಅದರೊಳಗೆ ಹೋದ್ರೆ ಡ್ರೈವ್ ಮೇಲೆ ಲೋಡ್ ಬಿದ್ದು ಮುರಿಯೋದೂ ಉಂಟು, ಅದರಲ್ಲೂ ಲೂಕಾಸ್ ಸಿಎವಿ ರೋಟರಿಗಳು ಇದನ್ನ ತಡೆಯಲ್ಲ. ಪಂಪ್ ಕ್ಯಾಲಿಬ್ರೇಷನ್ ಮಾಡೋ ಒಬ್ರು ಯಜಮಾನ್ರ ಹತ್ರ ಹೋಗಿ ಹಿಂಗಿಂಗೆ ಮಾಡ್ಬೇಕಂತಿದೀನಿ ಅಂದೆ, ಅವರು ಬಾನೆಟ್ ಎತ್ತಿ ಒಂದು ಸಲ ಬಗ್ಗಿ ನೋಡಿ, "ಇನ್‌ಲೈನ್ ಇದೆ, ಧೈರ್ಯ ಮಾಡಪ್ಪಾ. ರೋಟರಿ ಆಗಿದ್ರೆ ಬೇಡ ಅಂತಿದ್ದೆ, ಹಾಕಿದ್ರೂ ಆರು ತಿಂಗಳಲ್ಲಿ ನನ್ನ ಹತ್ರನೇ ಬರ್ತಿದ್ದೆ, ಆವಾಗ ನಾನು ಕೇಳಿದ್ದು ಕೊಡ್ಬೇಕಾಗಿತ್ತು" ಅಂದ್ರು. ಈಗಿನ ಕಾಲದ ಕಾಮನ್ ರೈಲ್ ಡೀಸೆಲ್ ಗಾಡಿ ಬಗ್ಗೆ ಕೇಳಿದ್ದಕ್ಕೆ ಬರೀ ಕೈ ಅಲ್ಲಾಡಿಸಿದ್ರು. ಸರಿನೇ, ಸಾವಿರ ಬಾರ್ ಮೇಲಿನ ಪ್ರೆಶರ್ರಲ್ಲಿ ಕೆಲಸ ಮಾಡೋ ವ್ಯವಸ್ಥೆ ಅದು, ಜೊತೆಗೆ ಸೈಲೆನ್ಸರ್ ಫಿಲ್ಟರಲ್ಲಿ ಕೂತ ಮಸಿ ಸುಡೋಕೆ ಅಂತ ತಡವಾಗಿ ಇಂಧನ ಹೊಡೆಯೋ ಗಾಡಿಗಳಲ್ಲಿ ಎಣ್ಣೆ ಆವಿಯಾಗ್ದೆ ಸಿಲಿಂಡರ್ ಗೋಡೆಗೆ ಅಂಟಿ ಕೆಳಗೆ ಇಂಜಿನ್ ಆಯಿಲ್ ಇರೋ ಸಂಪ್ ಒಳಗೆ ಇಳಿಯತ್ತೆ. ಆ ಕಡೆ ಹೋಗೋದೇ ಬೇಡ.

ಇನ್ನೊಂದು, ಗಾಡಿ ಹೇಗೂ ಮುದಿಯಾಗಿದೆ, ಹೋದ್ರೆ ಹೋಗ್ಲಿ ಅಂತ ಎಣ್ಣೆ ಹಾಕೋರಿದಾರೆ, ಇದು ಉಲ್ಟಾ ಲೆಕ್ಕ. ಕಂಪ್ರೆಶನ್, ಅಂದ್ರೆ ಸಿಲಿಂಡರಲ್ಲಿ ಗಾಳಿ ಒತ್ತೋ ಬಲ, ಬಿದ್ದಿರೋ ಇಂಜಿನ್ನಲ್ಲಿ ಎಣ್ಣೆ ಸರಿಯಾಗಿ ಉರಿಯಲ್ಲ, ಉರೀದೇ ಇರೋದು ಪಿಸ್ಟನ್ ಸುತ್ತ ಇರೋ ರಿಂಗ್ ದಾಟಿ ಕೆಳಗಿಳಿಯತ್ತೆ, ರಿಂಗೂ ಅಂಟ್ಕೊಳತ್ತೆ. ನಾನು ಮೊದ್ಲು ಕಂಪ್ರೆಶನ್ ಚೆಕ್ ಮಾಡ್ಸಿ, ನಾಜಲ್ ಸೆಟ್ ಮಾಡ್ಸಿ, ಸ್ಟಾರ್ಟ್ ಮಾಡೋಕೆ ಚೇಂಬರ್ ಕಾಯ್ಸೋ ಹೀಟರ್ ಪ್ಲಗ್ ಎಲ್ಲಾ ಹೊಸದು ಹಾಕಿ, ಡೀಸೆಲ್ ಮೇಲೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗೋ ಹಂಗೆ ಮಾಡ್ಕೊಂಡೇ ಮುಂದೆ ಹೋಗಿದ್ದು.

ಈಗ ತೊಂದರೆ ಎಲ್ಲಿದೆ ಅಂದ್ರೆ ದಪ್ಪದಲ್ಲಿ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡೀಸೆಲ್ಲಿನ ಸ್ನಿಗ್ಧತೆ, ಅಂದ್ರೆ ಆ ದಪ್ಪದ ಅಳತೆ, 2ರಿಂದ 4.5 ಸೆಂಟಿಸ್ಟೋಕ್ಸ್, ಎಣ್ಣೆದು 30ರಿಂದ 40. ಅಂದ್ರೆ ಹತ್ತು ಪಟ್ಟು. ನಾಜಲ್ಲಿಂದ ಮಂಜಾಗಿ ಬರ್ಬೇಕಾದ್ದು ಪಿಚಕಾರಿ ಥರ ಬರತ್ತೆ. 80 ಡಿಗ್ರಿಗೆ ಕಾಯ್ಸಿದ್ರೆ ಹತ್ತರ ಆಸುಪಾಸಿಗೆ ಇಳಿಯತ್ತೆ, ಆಗ್ಲೂ ಅದು ಡೀಸೆಲ್ ಆಗಲ್ಲ, ಆದ್ರೆ ಹಳೇ ಇಂಜಿನ್ ಸಹಿಸ್ಕೊಳೋವಷ್ಟು ತೆಳ್ಳಗಾಗತ್ತೆ. ಎಣ್ಣೆ ಕಾಯ್ಸೋಕೆ ಇಂಜಿನ್ ಶಾಖ ಬೇಕು, ಇಂಜಿನ್ ಕಾಯೋಕೆ ಅದು ಓಡ್ಬೇಕು, ಅದಕ್ಕೇ ಎರಡು ಟ್ಯಾಂಕು. ಡೀಸೆಲ್ಲಲ್ಲಿ ಸ್ಟಾರ್ಟ್ ಮಾಡೋದು, ಕಾದ್ಮೇಲೆ ಎಣ್ಣೆಗೆ ತಿರುಗ್ಸೋದು, ನಿಲ್ಸೋಕೆ ಮುಂಚೆ ವಾಪಸ್ ಡೀಸೆಲ್ಲಿಗೆ ತಿರುಗ್ಸಿ ಪಂಪು, ಪೈಪು, ನಾಜಲ್ ಎಲ್ಲಾ ತೊಳ್ಕೊಂಡು ಹೋಗೋ ತನಕ ಓಡ್ಸೋದು. ಇಷ್ಟೇ ತತ್ವ. ಡೀಸೆಲ್ ಜೊತೆ ಅರ್ಧಕ್ಕರ್ಧ ಬೆರೆಸಿ ಒಂದೇ ಟ್ಯಾಂಕಲ್ಲಿ ಓಡಿಸ್ತೀನಿ ಅನ್ನೋರೂ ಇದಾರೆ, ತೆಳ್ಳಗೇನೋ ಆಗತ್ತೆ, ಆದ್ರೆ ತಣ್ಣನೆ ಇಂಜಿನ್ ಒಳಗೆ ಆ ಅರ್ಧ ಎಣ್ಣೆ ಎಣ್ಣೆನೇ, ನಂಗಂತೂ ಅದು ಒಪ್ಪಿಗೆ ಆಗ್ಲಿಲ್ಲ.

ಜೋಡಿಸೋ ಕೆಲಸ ಉದ್ದಕ್ಕೆ ಹೇಳಲ್ಲ. ಡಿಕ್ಕಿಯಲ್ಲಿ ಎರಡನೇ ಟ್ಯಾಂಕು, ರೇಡಿಯೇಟರ್ ನೀರಿನ ಹೋಸಿಗೆ ಮೂರು ಬಾಯಿಯ ಟೀ ಜಾಯಿಂಟ್ ಹಾಕಿ ಆ ಬಿಸಿನೀರನ್ನ ಟ್ಯಾಂಕಿನ ತನಕ ಒಯ್ದು ವಾಪಸ್ ತರೋದು, ಎಣ್ಣೆ ಪೈಪು ಆ ಬಿಸಿ ಹೋಸಿಗೆ ಅಂಟ್ಕೊಂಡೇ ಬರೋ ಹಂಗೆ ಸುತ್ತೋದು, ಬಾನೆಟ್ ಕೆಳಗೆ ಬಿಸಿ ಮಾಡೋ ಫಿಲ್ಟರು, ಪಂಪಿಗೆ ಮುಂಚೆ ಬಿಸಿನೀರಿನ ಶಾಖನ ಎಣ್ಣೆಗೆ ದಾಟ್ಸೋ ಒಂದು ಪ್ಲೇಟ್ ಹೀಟ್ ಎಕ್ಸ್‌ಚೇಂಜರು, ಆಮೇಲೆ ಡೀಸೆಲ್ಲು ಎಣ್ಣೆ ಬದಲಾಯ್ಸೋ, ಕರೆಂಟಲ್ಲಿ ಕೆಲಸ ಮಾಡೋ ಸೊಲೆನಾಯ್ಡ್ ವಾಲ್ವು, ಪಂಪಿನ ಬಾಯಲ್ಲೇ ಒಂದು ಟೆಂಪರೇಚರ್ ಮೀಟರು. ಇದರಲ್ಲಿ ಎರಡು ವಿಷಯ ಮಾತ್ರ ಒತ್ತಿ ಹೇಳ್ಬೇಕು. ಒಂದು, ಎಣ್ಣೆ ಮುಟ್ಟೋ ಜಾಗದಲ್ಲಿ ತಾಮ್ರ ಬೇಡ, ಬಾಗ್ಸೋಕೆ ಸುಲಭ ಅಂತ ತಾಮ್ರದ ಸುರುಳಿ ಮಾಡಿ ಟ್ಯಾಂಕಲ್ಲಿ ಮುಳುಗಿಸೋರಿದಾರೆ, ಬಿಸಿ ಎಣ್ಣೆಗೆ ತಾಮ್ರ ಸಿಕ್ರೆ ಅದು ಬೇಗ ಕೆಟ್ಟು ಗೋಂದಾಗತ್ತೆ, ಸ್ಟೀಲ್ ಅಥವಾ ಅಲ್ಯೂಮಿನಿಯಂ ಹಾಕಿ. ಎರಡು, ರಿಟರ್ನ್ ಲೈನು. ನಾಜಲ್ಲಿಂದ, ಪಂಪಿಂದ ಉಳಿದು ವಾಪಸ್ ಬರೋ ಎಣ್ಣೆನ ಡೀಸೆಲ್ ಟ್ಯಾಂಕಿಗೆ ಬಿಟ್ರೆ ಸ್ವಲ್ಪ ದಿನದಲ್ಲಿ ಡೀಸೆಲ್ ಟ್ಯಾಂಕೂ ಎಣ್ಣೆ ಟ್ಯಾಂಕೇ ಆಗ್ಬಿಡತ್ತೆ, ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಇರೋ ಒಂದೇ ದಾರಿನೂ ಹೋಯ್ತು. ನಾನು ಎಣ್ಣೆಯಲ್ಲಿ ಓಡೋವಾಗ ರಿಟರ್ನ್ ಸುತ್ತಿ ಪಂಪಿನ ಬಾಯಿಗೇ ಬರೋ ಹಂಗೆ ಇನ್ನೊಂದು ವಾಲ್ವ್ ಹಾಕಿದೀನಿ, ಬಿಸಿ ಎಣ್ಣೆನೇ ಮತ್ತೆ ಒಳಗೆ ಹೋಗೋದ್ರಿಂದ ಶಾಖನೂ ಉಳಿಯತ್ತೆ.

ಏರ್ ಎಳೆಯೋದು ಮಾತ್ರ ಬಹಳ ಕಾಡಿದ ತಲೆನೋವು. ಡೀಸೆಲ್ಲಿಗೆ ಸರಿಯಾಗಿ ಕೂತಿದ್ದ ಕ್ಲಿಪ್ಪು, ಜಾಯಿಂಟು ಎಣ್ಣೆಗೆ ಸಾಲಲ್ಲ, ದಪ್ಪ ಎಣ್ಣೆ ಎಳೆಯೋಕೆ ಪಂಪ್ ಜೋರಾಗಿ ಹೀರತ್ತೆ, ಎಣ್ಣೆ ಹೊರಗೆ ಸೋರಲ್ಲ, ಗಾಳಿ ಒಳಗೆ ನುಗ್ಗತ್ತೆ, ಕಣ್ಣಿಗೆ ಏನೂ ಕಾಣಲ್ಲ, ಗಾಡಿ ಮಾತ್ರ ಏರು ಹತ್ತೋವಾಗ ಮುಗ್ಗರಿಸತ್ತೆ. ಪಂಪಿಗೆ ಮುಂಚೆ ಗೇಣುದ್ದ ಪಾರದರ್ಶಕ ಪೈಪ್ ಹಾಕಿದ್ಮೇಲೆ ಸಮಾಧಾನ ಆಯ್ತು, ಟಾರ್ಚ್ ಬಿಟ್ಟು ನೋಡಿದ್ರೆ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಹೋಗ್ತಾ ಇರೋದು ಕಾಣತ್ತೆ, ಒಂದೊಂದೇ ಜಾಯಿಂಟ್ ಬಿಗಿ ಮಾಡ್ತಾ ಬಂದ್ರೆ ಯಾವುದರ ಹತ್ರ ಗುಳ್ಳೆ ನಿಲ್ತು ಅಂತ ಗೊತ್ತಾಗತ್ತೆ. ಜೊತೆಗೆ ಪಂಪ್ ಎಷ್ಟು ಜೋರಾಗಿ ಹೀರ್ತಿದೆ ಅಂತ ತೋರ್ಸೋ ಒಂದು ವ್ಯಾಕ್ಯೂಮ್ ಗೇಜು. ಫಿಲ್ಟರ್ ಕಟ್ತಾ ಬಂದ ಹಂಗೆ ಮುಳ್ಳು ಮೇಲೇರತ್ತೆ, ಗಾಡಿ ನಿಲ್ಲೋಕೆ ಮುಂಚೆನೇ ಫಿಲ್ಟರ್ ಬದಲಾಯಿಸ್ಬಹುದು. ದುಡ್ಡಿಗೆ ತಕ್ಕ ಬೆಲೆ ಸಿಕ್ಕಿದ್ದು ಅಂದ್ರೆ ಈ ಎರಡೇ.

ಇನ್ನು ಎಣ್ಣೆ. ಹೊಸ ಎಣ್ಣೆ ಕೊಂಡು ಸುಡೋದ್ರಲ್ಲಿ ಅರ್ಥ ಇಲ್ಲ, ನಾನು ಹಾಕೋದು ಕರಿದು ಮುಗಿದ ಎಣ್ಣೆ. ಅದು ಎಲ್ಲಾ ಒಂದೇ ಅಲ್ಲ. ಅಯೋಡಿನ್ ಮೌಲ್ಯ ಅಂತ ಒಂದಿದೆ, ಎಣ್ಣೆ ಗಾಳಿ ತಾಗಿ ಎಷ್ಟು ಬೇಗ ಒಣಗಿ ಪದರ ಕಟ್ಟತ್ತೆ ಅನ್ನೋದಕ್ಕೆ ಅಂದಾಜು ಕೊಡೋ ಸಂಖ್ಯೆ. ಅಗಸೆ ಎಣ್ಣೆಗೆ ಅದು 180ರ ಸುತ್ತ, ಪೇಂಟಿಗೆ ಹಾಕೋದೇ ಅದಕ್ಕೆ, ಇಂಜಿನ್ನಿಗೆ ಮಾತ್ರ ಅದು ಬೇಡ. ಸೋಯಾ, ಸೂರ್ಯಕಾಂತಿ 130ರ ಆಸುಪಾಸು, ಸಾಸಿವೆ ಜಾತಿಯ ರೇಪ್‌ಸೀಡ್ ಇನ್ನೂ ಕೆಳಗೆ, ತಾಳೆ ಎಣ್ಣೆ 50ರ ಹತ್ತಿರ, ತೆಂಗಿನೆಣ್ಣೆ ಹತ್ತರ ಸುತ್ತ. ಹಾಗಾದ್ರೆ ತಾಳೆ, ತೆಂಗೇ ಒಳ್ಳೇದಲ್ವಾ ಅಂದ್ರೆ, ಅವು ಚಳಿಗೆ ಟ್ಯಾಂಕಲ್ಲೇ ಹೆಪ್ಪುಗಟ್ಟತ್ವೆ. ಒಂದು ಕಡೆ ಗೋಂದು, ಇನ್ನೊಂದು ಕಡೆ ಬೆಣ್ಣೆ, ನಡುವಿಂದು ಹುಡುಕ್ಬೇಕು. ಜರ್ಮನಿಯಲ್ಲಿ ಇದಕ್ಕೇ ಅಂತ ರೇಪ್‌ಸೀಡ್ ಎಣ್ಣೆಗೆ ಡಿನ್ 51605 ಅನ್ನೋ ಮಾನದಂಡನೇ ಇದೆ, ಅದರಲ್ಲಿ ನೀರು ಕಿಲೋಗೆ 750 ಮಿಲಿಗ್ರಾಂ ದಾಟೋ ಹಾಗಿಲ್ಲ, ಕಸ 24 ಮಿಲಿಗ್ರಾಂ ದಾಟೋ ಹಾಗಿಲ್ಲ. ಕರಿದ ಎಣ್ಣೆ ತಂದಾಗ ಆ ಗೆರೆಯಿಂದ ಎಷ್ಟು ದೂರ ಇರತ್ತೆ ಅಂತ ನೋಡಿದ್ರೇನೇ ಗೊತ್ತಾಗತ್ತೆ.

ತಂದ ತಕ್ಷಣ ನಾನು ಮುಚ್ಚಳ ತೆಗೆದು ಮೂಸ್ತೀನಿ. ಕಮಟು ವಾಸನೆ ಜೋರಾಗಿದ್ರೆ, ಬಣ್ಣ ಕಪ್ಪಿಗೆ ತಿರುಗಿದ್ರೆ ತಗೊಳಲ್ಲ, ಬಹಳ ಸಲ ಕಾಸಿದ ಎಣ್ಣೆಯಲ್ಲಿ ಆಮ್ಲ ಏರಿರತ್ತೆ, ಅದು ಪಂಪ್ ಒಳಗಿನ ಲೋಹ ತಿನ್ನತ್ತೆ, ಅರ್ಧ ಗೋಂದಾಗಿನೂ ಇರತ್ತೆ. ಮೊದ್ಮೊದ್ಲು ಬಿಟ್ಟಿ ಸಿಗತ್ತಲ್ಲ ಅಂತ ಕೊಡೋರಿಗೆ ಬೇಡ ಅನ್ನೋಕೆ ಬಾಯಿ ಬರ್ತಿರ್ಲಿಲ್ಲ, ಈಗ ಬರತ್ತೆ. ಒಳ್ಳೇದು ಅನ್ಸಿದ್ದನ್ನ ದೊಡ್ಡ ಪಾತ್ರೆಗೆ ಜಾಲರಿ ಮೇಲಿಂದ ಹಾಕಿ, ಬೆಚ್ಚಗಿನ ಜಾಗದಲ್ಲಿ ವಾರಗಟ್ಲೆ ಅಲ್ಲಾಡಿಸ್ದೆ ಬಿಡೋದು. ಈ ಸುಮ್ನೆ ಬಿಡೋ ಕೆಲಸಕ್ಕೆ ಯಾವ ಮಶೀನೂ ಸಮ ಇಲ್ಲ. ಮಡ್ಡಿ, ನೀರು, ಕರಕಲು ಎಲ್ಲಾ ಕೆಳಗಿಳಿಯತ್ತೆ, ಮೇಲಿನ ತಿಳಿ ಮಾತ್ರ ಮೇಲಿಂದಾನೇ ಎಳ್ಕೊಳೋದು, ಕೆಳಗಿನ ನಲ್ಲಿ ಇರೋದು ಮಡ್ಡಿ ಬಿಡೋಕೆ ಮಾತ್ರ. ಆಮೇಲೆ ಬಟ್ಟೆ ಚೀಲದ ಫಿಲ್ಟರಲ್ಲಿ ದೊಡ್ಡದ್ರಿಂದ ಶುರು ಮಾಡಿ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್), ಕೊನೆಗೆ 1 ಮೈಕ್ರಾನ್. ತಣ್ಣಗಿದ್ದಾಗ್ಲೇ ಸೋಸೋದು ಒಳ್ಳೇದು, ನಿಧಾನ ಆಗತ್ತೆ ನಿಜ, ಆದ್ರೆ ಬಿಸಿ ಇದ್ರೆ ಕರಗಿರೋ ಕೊಬ್ಬು ಚೀಲ ದಾಟಿ ಬಂದು ಆಮೇಲೆ ಗಾಡಿ ಫಿಲ್ಟರಲ್ಲಿ ಬಿಳೀ ಪೇಸ್ಟಾಗಿ ಕೂರತ್ತೆ.

ಕಸಕ್ಕಿಂತ ನೀರೇ ದೊಡ್ಡ ಶತ್ರು. ಕರಿಯೋ ಪದಾರ್ಥದಿಂದ ಬಂದ ನೀರು ಎಣ್ಣೆಯಲ್ಲಿ ಕಣ್ಣಿಗೆ ಕಾಣ್ದೆ ಸೇರ್ಕೊಂಡಿರತ್ತೆ, ಪಂಪಿನ ಪ್ಲಂಜರ್ರಿಗೂ ಅದು ಆಡೋ ಬ್ಯಾರೆಲ್ಲಿಗೂ ನಡುವೆ ಇರೋ ಸಂದು ಮೈಕ್ರಾನ್ ಲೆಕ್ಕದ್ದು, ಅಲ್ಲಿ ಒಂದು ಹನಿ ನೀರು ಕೂತು ತುಕ್ಕು ಹಿಡಿದ್ರೆ ಪಂಪೇ ಹೋಯ್ತು. ಇದಕ್ಕೆ ಲ್ಯಾಬ್ ಬೇಡ. ಒಂದು ದಪ್ಪ ಕಬ್ಬಿಣದ ಬಾಣಲೆನ ನೀರು ಚಿಮುಕಿಸಿದ್ರೆ ಹಾರಿಹೋಗೋವಷ್ಟು ಕಾಯ್ಸಿ ಒಲೆ ಆರಿಸಿ, ಒಂದು ಚಮಚ ಎಣ್ಣೆ ಬಿಟ್ಟು ಕಿವಿ ಹತ್ರ ಇಟ್ಕೊಂಡು ನೋಡೋದು. ನೀರಿದ್ರೆ ಚಟಪಟ ಅಂತ ಸಿಡಿಯತ್ತೆ. ಸ್ವಲ್ಪ ಇದ್ರೆ ಸದ್ದಿಲ್ಲ, ಎಣ್ಣೆ ಕೆಳಗಿಂದ ಸೂಜಿ ಮೊನೆಯಷ್ಟು ಗುಳ್ಳೆ ಒಂದೊಂದೇ ಎದ್ದು ಅಂಚಿಗೆ ಓಡತ್ತೆ. ಒಣಗಿರೋ ಎಣ್ಣೆ ಸುಮ್ನೆ ಹರಡಿ, ಅಲೆ ಅಲೆಯಾಗಿ, ಆಮೇಲೆ ತೆಳ್ಳಗೆ ಹೊಗೆ ಆಡತ್ತೆ ಅಷ್ಟೇ. ಗುಳ್ಳೆ ಕಂಡ್ರೆ ವಾಪಸ್ ಡ್ರಮ್ಮಿಗೆ, ಸುಮಾರು 60 ಡಿಗ್ರಿಗೆ ಕಾಯ್ಸಿ ಒಂದು ದಿನ ಬಿಟ್ಟು ಕೆಳಗಿನ ನೀರು ಬಸಿದು, ಆಮೇಲೆ ಸಣ್ಣ ಪಂಪಿಂದ ತುಂತುರು ಥರ ಮೇಲಿಂದ ಬೀಳಿಸ್ತಾ ಗಾಳಿ ಆಡಿಸೋದು. ನೀರಿರೋ ಎಣ್ಣೆನ ಒಮ್ಮೆಗೇ ನೂರು ಡಿಗ್ರಿ ದಾಟಿಸೋಕೆ ಹೋದ್ರೆ ಕೆಳಗಿರೋ ನೀರು ಆವಿಯಾಗಿ ಇಡೀ ಡ್ರಮ್ ಉಕ್ಕತ್ತೆ, ಬೆಂಕಿ ಪಕ್ಕದಲ್ಲಿದ್ರೆ ಏನಾಗತ್ತೆ ಅಂತ ಹೇಳ್ಬೇಕಾಗಿಲ್ಲ. ಎಣ್ಣೆ ಒರೆಸಿದ ಬಟ್ಟೆ ಗುಡ್ಡೆ ಹಾಕೋದೂ ಬೇಡ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳೋ ಗುಣ ಅದಕ್ಕಿದೆ, ಹರಡಿ ಒಣಗ್ಸಿ ಇಲ್ಲಾ ನೀರಲ್ಲಿ ಹಾಕಿಡಿ.

ಇಷ್ಟೆಲ್ಲಾ ಯಾಕೆ, ಬಯೋಡೀಸೆಲ್ ಮಾಡ್ಬಹುದಲ್ಲ ಅಂತ ಕೇಳ್ತಾರೆ. ಮಾಡ್ಬಹುದು, ಮೆಥನಾಲ್, ಕಾಸ್ಟಿಕ್ ಸೇರಿಸಿ ಎಣ್ಣೆನ ಒಡೆದು ಗ್ಲಿಸರಿನ್ ಬೇರೆ ಮಾಡಿದ್ರೆ ಬರೋ ದ್ರವ ಡೀಸೆಲ್ಲಷ್ಟೇ ತೆಳ್ಳಗಿರತ್ತೆ, ಎರಡನೇ ಟ್ಯಾಂಕೂ ಬೇಡ. ಆದ್ರೆ ಮೆಥನಾಲ್ ವಿಷ, 65 ಡಿಗ್ರಿಗೇ ಕುದಿಯತ್ತೆ, ಆವಿ ಹೊತ್ಕೊಂಡ್ರೆ ಜ್ವಾಲೆನೂ ಸರಿಯಾಗಿ ಕಾಣಲ್ಲ, ಮನೆ ಹಿಂದಿನ ಶೆಡ್ಡಲ್ಲಿ ಅದರ ಸಹವಾಸ ನಂಗೆ ಬೇಡ ಅನ್ಸ್ತು. ಹಳೇ ಗಾಡಿಯ ರಬ್ಬರ್ ಹೋಸೂ ಬಯೋಡೀಸೆಲ್ಲಿಗೆ ಮೆತ್ತಗಾಗತ್ತೆ.

ಓಡ್ಸೋವಾಗ ಹೇಗಿರತ್ತೆ ಅಂದ್ರೆ, ತಿರುಗಿಸಿದ ಕ್ಷಣ ಏನೂ ಗೊತ್ತಾಗಲ್ಲ. ಸ್ವಲ್ಪ ಹೊತ್ತಾದ್ಮೇಲೆ ಇಂಜಿನ್ ಸದ್ದು ಒಂಚೂರು ಮೆತ್ತಗಾದ ಹಂಗೆ ಅನ್ಸತ್ತೆ, ಹಿಂದೆ ಬರೋರಿಗೆ ಕರಿದ ವಾಸನೆ. ಲೀಟರಿಗೆ ಸಿಗೋ ಶಕ್ತಿ ಡೀಸೆಲ್‌ಗಿಂತ ಶೇಕಡಾ ಐದರಷ್ಟು ಕಮ್ಮಿ, ಮೈಲೇಜಲ್ಲಿ ಹುಡುಕಿದ್ರೆ ಕಾಣತ್ತೆ. ನಾನು ಕೂಲೆಂಟ್ ಮುಳ್ಳು ನೋಡಿ ತಿರುಗಿಸಲ್ಲ, ಪಂಪಿನ ಬಾಯಲ್ಲಿ ಎಣ್ಣೆ 70 ದಾಟಿದ್ಮೇಲೇ ತಿರುಗ್ಸೋದು, ಕೂಲೆಂಟ್ 80 ತೋರ್ಸಿದ್ರೂ ಹಿಂದಿನ ಟ್ಯಾಂಕಿಂದ ಬರೋ ಎಣ್ಣೆ ಇನ್ನೂ ಉಗುರುಬೆಚ್ಚಗೇ ಇರತ್ತೆ. ಅಂಗಡಿಗೆ ಹೋಗಿ ಬರೋದು, ಟ್ರಾಫಿಕ್ಕಲ್ಲಿ ತೆವಳೋದು, ಇಂಥಾದ್ಕೆಲ್ಲಾ ಎಣ್ಣೆ ಮುಟ್ಟೋದೇ ಇಲ್ಲ. ಐಡಲಲ್ಲಿ, ಕಮ್ಮಿ ಲೋಡಲ್ಲಿ ಚೇಂಬರ್ ತಣ್ಣಗಾಗತ್ತೆ, ಎಣ್ಣೆ ಅರ್ಧಂಬರ್ಧ ಉರಿದು ಅಂಟು ಕಟ್ಟೋದು ಆವಾಗ್ಲೇ. ಎಣ್ಣೆ ಏನಿದ್ರೂ ಉದ್ದ ದಾರಿಗೆ, ಕಾಲು ಒತ್ತಿ ಓಡಿಸೋ ದಾರಿಗೆ. ದಿನಾ ಹತ್ತು ನಿಮಿಷ ಓಡ್ಸೋ ಗಾಡಿ ನಿಮ್ದಾಗಿದ್ರೆ ಈ ಉಸಾಬರಿನೇ ಬೇಡ, ಉಳಿಯೋ ಡೀಸೆಲ್‌ಗಿಂತ ಮಾಡೋ ಕೆಲಸ ಜಾಸ್ತಿ.

ಇಂಜಿನ್ ಆಯಿಲ್ ವಿಷಯ ಯಾರೂ ಹೇಳಲ್ಲ. ಡೀಸೆಲ್ ಸಂಪಿಗಿಳಿದ್ರೆ ಬಿಸಿಗೆ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗತ್ತೆ, ಎಣ್ಣೆ ಇಳಿದ್ರೆ ಅಲ್ಲೇ ಉಳಿಯತ್ತೆ, ಕಾದು ಕಾದು ಗಟ್ಟಿಯಾಗತ್ತೆ. ಕೆಟ್ಟದ್ದು ಏನಂದ್ರೆ ಅದು ನಿಧಾನಕ್ಕೆ ಗೊತ್ತಾಗಲ್ಲ, ಬಹಳ ದಿನ ಸರಿಯಾಗೇ ಇದ್ದು ಆಮೇಲೆ ಒಮ್ಮೆಗೇ ಜೆಲ್ಲಿ ಥರ ಆಗತ್ತೆ, ಆಯಿಲ್ ಹೋಗೋ ದಾರಿ ಮುಚ್ಚತ್ತೆ. ಅದಕ್ಕೆ ಆಯಿಲ್ ಬದಲಾಯ್ಸೋ ಅವಧಿನ ಅರ್ಧಕ್ಕೆ ಇಳಿಸಿದೀನಿ, ಡಿಪ್‌ಸ್ಟಿಕ್ಕಲ್ಲಿ ಮಟ್ಟ ಇಳಿಯೋ ಬದ್ಲು ಏರಿದ್ರೆ ಅವಧಿ ನೋಡ್ದೆ ಅವತ್ತೇ ಬದಲಾಯಿಸ್ತೀನಿ.

ಕಾನೂನು ಪ್ರತಿ ದೇಶಕ್ಕೂ ಬೇರೆ. ಬ್ರಿಟನ್‌ನಲ್ಲಿ 2007ರಿಂದ ವರ್ಷಕ್ಕೆ 2,500 ಲೀಟರ್ ಒಳಗೆ ಇದ್ರೆ ಇಂಧನ ಸುಂಕ ಇಲ್ಲ ಅಂತ ಮಾಡಿದ್ರು, ಅಮೆರಿಕದಲ್ಲಿ ಪರಿಸರ ಇಲಾಖೆ ಲೆಕ್ಕದಲ್ಲಿ ಇಂಥ ಬದಲಾವಣೆಗೆ ಪ್ರಮಾಣಪತ್ರ ಬೇಕು. ನೀವಿರೋ ಕಡೆ ಇಂಧನ ತೆರಿಗೆ, ಹೊಗೆ ತಪಾಸಣೆ, ಇನ್ಶೂರೆನ್ಸ್ ಮೂರನ್ನೂ ಕೇಳ್ಕೊಂಡೇ ಕೈ ಹಾಕಿ.

ಇತ್ತೀಚೆಗೆ ನಾಜಲ್ ಬಿಚ್ಚಿ ಅದೇ ಯಜಮಾನ್ರ ಹತ್ರ ಒಯ್ದೆ. ಟೆಸ್ಟ್ ಸ್ಟ್ಯಾಂಡಿಗೆ ಹಾಕಿ ಹ್ಯಾಂಡಲ್ ಒತ್ತಿದ್ರು, ಮೂರು ನಾಜಲ್ ಕಿರ್ರ್ ಅಂತ ಸದ್ದು ಮಾಡಿ ಶಂಕುವಿನ ಆಕಾರದಲ್ಲಿ ಸಣ್ಣ ಮಂಜು ಬಿಟ್ವು. ನಾಲ್ಕನೇದು ಒಂದು ಪಕ್ಕಕ್ಕೆ ಎಳೆ ಥರ ಹೊಡೆದು, ಕೊನೇಲಿ ತುದಿಯಲ್ಲಿ ಒಂದು ಹನಿ ನೇತಾಡ್ತು. ತುದಿ ಸುತ್ತ ಕಂದು ಬಣ್ಣದ ಗಟ್ಟಿ ಪದರ, ಉಗುರಲ್ಲಿ ಕೆರೆದ್ರೆ ಬರಲ್ಲ, ಹಳೇ ಬಾಣಲೆ ಅಂಚಲ್ಲಿ ಕಟ್ಟೋದೂ ಇದೇ ವಸ್ತು. ಅವರು ಸೂಜಿ ತೆಗೆದು ಹಿತ್ತಾಳೆ ಬ್ರಷ್ಷಲ್ಲಿ ಉಜ್ಜಿ, ಡೀಸೆಲ್ಲಲ್ಲಿ ಅದ್ದಿ ಮತ್ತೆ ಕೂರಿಸಿ ಒತ್ತಿದ್ರು, ಸರಿಹೋಯ್ತು. "ಆ ಒಂದು ಸಿಲಿಂಡರ್ ತಣ್ಣಗಿದೆ, ಕಂಪ್ರೆಶನ್ ಮತ್ತೆ ನೋಡು, ಅದರ ಹೀಟರ್ ಪ್ಲಗ್ಗೂ ಬಿಚ್ಚು. ಸುತ್ತ ಕಾರ್ಬನ್ ಕಟ್ಟಿದ್ರೆ ಬಿಚ್ಚೋವಾಗ ಒಳಗೇ ಮುರಿಯತ್ತೆ, ಬಲ ಹಾಕ್ಬೇಡ, ಇಂಜಿನ್ ಬಿಸಿ ಇರೋವಾಗ್ಲೇ ಮಾಡು" ಅಂದ್ರು. ಪ್ಲಗ್ ಅರ್ಧ ಸುತ್ತು ಬಂದಿದೆ, ಸಂದಿಗೆ ಆಯಿಲ್ ಬಿಟ್ಟು ನೆನೆಯೋಕೆ ಬಿಟ್ಟಿದೀನಿ, ಕಂಪ್ರೆಶನ್ ನೋಡೋದು ಅದು ಹೊರಗೆ ಬಂದ್ಮೇಲೆ, ಅಲ್ಲೀತನಕ ಗಾಡಿ ಬರೀ ಡೀಸೆಲ್ ಮೇಲೆ.